ಎತ್ತಿಗೆ ಜ್ವರ, ಟಚ್‌ಪ್ಯಾಡಿಗೆ ಬರೆ

“ಅಣ್ಣಾ, ಲ್ಯಾಪ್‌ಟಾಪ್ ಕೆಟ್ಟೋಯ್ತು. ಅಂಗಡಿಯವ್ರು ನಾಲ್ಕೂವರೆ ಸಾವಿರ ಕೇಳ್ತಿದಾರೆ.”

ತಿಪಟೂರಿನಿಂದ ಬಂದು, ಬೇಗೂರಿನ ಒಂದು ಪಿಜಿಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿರುವ ನನ್ನ ಚಿಕ್ಕಮ್ಮನ ಮಗ ಒಂದು ಶನಿವಾರ ಸಂಜೆ ಮನೆಗೆ ಬಂದು ಹೀಗಂದ. ಮಂಗಳವಾರ ಅವನಿಗೆ ಆನ್‌ಲೈನ್ ಟೆಸ್ಟು. ಲ್ಯಾಪ್‌ಟಾಪ್ ತೆಗೆದು ತೋರಿಸಿದ. ಬೆರಳು ಎಳೆದ ಮೇಲೆ ಅರ್ಧ ಸೆಕೆಂಡ್ ಯೋಚನೆ ಮಾಡಿ ಕರ್ಸರ್ ಹೊರಡುತ್ತಿತ್ತು. ನಡುವೆ ನಿಲ್ಲುತ್ತಿತ್ತು, ಆಮೇಲೆ ಒಮ್ಮೆಲೇ ಹಾರುತ್ತಿತ್ತು. ಎರಡು ಬೆರಳಿನ ಸ್ಕ್ರೋಲ್ ಅಂತೂ ಸತ್ತೇ ಹೋಗಿತ್ತು.

ಮೊದಲನೇ ಅಂಗಡಿಯವರು ಹೇಳಿದ್ದು, “ಪ್ಯಾಡ್ ಹೋಗಿದೆ, ಚೇಂಜ್ ಮಾಡ್ಬೇಕು.” ಎರಡನೇ ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ: “ಐದು ವರ್ಷದ ಮಾಡೆಲ್ಲು, ಇದಕ್ಕೆ ದುಡ್ಡು ಹಾಕ್ಬೇಡಿ. ಎಕ್ಸ್‌ಚೇಂಜ್ ಮಾಡಿ ಹೊಸದು ತಗೊಳ್ಳಿ, ಇಎಂಐ ಮಾಡಿಕೊಡ್ತೀವಿ.” ಕೆಲಸವೇ ಇಲ್ಲದ ಹುಡುಗನಿಗೆ ಇಎಂಐ! ಆ ಲ್ಯಾಪ್‌ಟಾಪ್ ಅವನಿಗೆ ಬಂದಿದ್ದು ಚಿಕ್ಕಪ್ಪ ಕೊಬ್ಬರಿ ಮಾರಿದ ದುಡ್ಡಿನಿಂದ. ಅದನ್ನ ಬಿಸಾಡು ಅಂತ ಹೇಳೋಕೆ ಅಂಗಡಿಯವರಿಗೆ ಒಂದು ನಿಮಿಷ ಸಾಕಾಯ್ತು.

“ಯಾವಾಗಿಂದ ಹೀಗಾಗಿದೆ?” ಅಂತ ಕೇಳಿದೆ. “ಹೋದ ವಾರ ಒಂದು ದೊಡ್ಡ ಅಪ್‌ಡೇಟ್ ಬಂತಣ್ಣ, ಆವತ್ತಿಂದ.” ಈ ಪ್ರಶ್ನೆಯನ್ನ ಎರಡು ಅಂಗಡಿಯಲ್ಲೂ ಯಾರೂ ಕೇಳಿರಲಿಲ್ಲ. ಬುಧವಾರ ಚೆನ್ನಾಗಿದ್ದ ಪ್ಯಾಡು, ಗುರುವಾರ ಅಪ್‌ಡೇಟ್ ಆದ ಮೇಲೆ ಕೆಟ್ಟಿದೆ ಅಂದರೆ ಅನುಮಾನ ಯಾರ ಮೇಲೆ ಹೋಗಬೇಕು? ಒಂದು ಪೆನ್‌ಡ್ರೈವ್, ಒಂದು ಯುಎಸ್‌ಬಿ ಮೌಸು, ನಲವತ್ತು ನಿಮಿಷ. ಕರ್ಸರ್ ಮೊದಲಿನ ಹಾಗೆ ಓಡಾಡಿತು. ಬದಲಾಯಿಸಿದ್ದು ಡ್ರೈವರ್ ಮಾತ್ರ. ಖರ್ಚು ಸೊನ್ನೆ.

ನಾನು ಜಾಣ ಅಂತ ತೋರಿಸೋಕೆ ಇದನ್ನ ಬರೀತಿಲ್ಲ. ನನ್ನ ಮೊದಲ ಕೆಲಸದ ವರ್ಷ, ಇದೇ ತೊಂದರೆಗೆ, ಒಂದು ಒಳ್ಳೇ ಲ್ಯಾಪ್‌ಟಾಪನ್ನ ಚಿಲ್ಲರೆ ಕಾಸಿಗೆ ಕೊಟ್ಟು ಹನ್ನೆರಡು ಕಂತಿನ ಹೊಸದನ್ನ ತಂದವನು ನಾನೇ. ಆಗ ನಾನು ದಿನವಿಡೀ ಆಫೀಸಿನಲ್ಲಿ ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋದು. ಸಂಜೆ ಮನೆಗೆ ಬಂದು ನನ್ನದೇ ಮೆಷಿನ್ ತೊದಲಿದರೆ ಮಾತ್ರ “ಹಾರ್ಡ್‌ವೇರ್ ಹೋಯ್ತು” ಅಂತ ಕೈ ಚೆಲ್ಲಿದ್ದೆ.

ನನ್ನ ತಕರಾರು ಇಲ್ಲಿಂದಲೇ ಶುರು. ಬೇಗೂರು, ಬೊಮ್ಮನಹಳ್ಳಿ, ಹೊಂಗಸಂದ್ರ, ಬಿಟಿಎಂ ಕಡೆ ಬೆಳಿಗ್ಗೆ ಎಂಟಕ್ಕೆ ಬೀದಿಗೆ ಬಂದು ನಿಂತರೆ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್ ಇಲ್ಲದವರನ್ನ ಹುಡುಕಬೇಕು. ಇಷ್ಟು ಜನ ಸಾಫ್ಟ್‌ವೇರಿನಿಂದಲೇ ಅನ್ನ ತಿನ್ನುವ ಜಾಗದಲ್ಲಿ, ಸಾಫ್ಟ್‌ವೇರ್ ಕೆಡುತ್ತೆ ಮತ್ತು ಅದನ್ನ ಸರಿ ಮಾಡಬಹುದು ಅನ್ನೋ ಮಾತನ್ನ ನಮ್ಮ ಸ್ವಂತ ಮೆಷಿನ್ನಿಗೆ ಮಾತ್ರ ನಾವು ಅನ್ವಯಿಸೋದಿಲ್ಲ. ನಿಧಾನ ಆಯ್ತಾ, ಹಳೇದಾಯ್ತು. ಹಳೇದಾಯ್ತಾ, ಹೊಸದು ತಗೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ ಜ್ವರ ಬಂದಿರೋದು ಡ್ರೈವರಿಗೆ, ಬರೆ ಬೀಳೋದು ಟಚ್‌ಪ್ಯಾಡಿಗೆ. ಕೆಲವು ಸಲ ಇಡೀ ಲ್ಯಾಪ್‌ಟಾಪಿಗೆ.

ಟಚ್‌ಪ್ಯಾಡ್ ಒಳಗೆ ಏನಿದೆ ಅಂತ ಒಮ್ಮೆ ನೋಡೋಣ. ಅದರಲ್ಲಿ ಸವೆಯುವಂಥದ್ದು ತುಂಬ ಕಡಿಮೆ. ಮೇಲೊಂದು ತೆಳು ಹಾಳೆ ಅಥವಾ ಗಾಜು, ಅದರ ಕೆಳಗೆ ಅಡ್ಡ ಉದ್ದ ಎಳೆದ ಸಣ್ಣ ಸಣ್ಣ ವಿದ್ಯುತ್ ಗೆರೆಗಳ ಜಾಲರಿ. ನಮ್ಮ ಬೆರಳು ಹತ್ತಿರ ಬಂದಾಗ ಆ ಗೆರೆಗಳು ಹಿಡಿದಿಟ್ಟುಕೊಳ್ಳುವ ವಿದ್ಯುತ್ತಿನ ಪ್ರಮಾಣ ಒಂದಿಷ್ಟು ಬದಲಾಗುತ್ತೆ. ಒಂದು ಪುಟ್ಟ ಚಿಪ್ ಆ ಬದಲಾವಣೆಯನ್ನ ಅಳೆದು, ಬೆರಳು ಎಲ್ಲಿದೆ, ಎಷ್ಟು ಬೆರಳಿದೆ ಅಂತ ಲೆಕ್ಕ ಹಾಕಿ ಕಂಪ್ಯೂಟರಿಗೆ ವರದಿ ಕಳಿಸುತ್ತಲೇ ಇರುತ್ತೆ. ಈ ಚಿಪ್ ತಯಾರಿಸುವ ದೊಡ್ಡ ಕಂಪನಿಗಳಲ್ಲೊಂದು ಸಿನಾಪ್ಟಿಕ್ಸ್. 1986ರಲ್ಲಿ ಅದನ್ನ ಕಟ್ಟಿದವರು ಫೆಡೆರಿಕೊ ಫ್ಯಾಜಿನ್ ಮತ್ತು ಕಾರ್ವರ್ ಮೀಡ್. ಈ ಫ್ಯಾಜಿನ್ 1971ರಲ್ಲಿ ಬಂದ ಇಂಟೆಲ್ 4004 ಎಂಬ ಮೈಕ್ರೊಪ್ರೊಸೆಸರಿನ ವಿನ್ಯಾಸದ ಮುಂದಾಳು. ಅಂದರೆ ನಾವು ‘ಪ್ಯಾಡು’ ಅಂತ ಹಗುರವಾಗಿ ಕರೆಯುವ ವಸ್ತು ಸ್ವತಃ ಒಂದು ಕಂಪ್ಯೂಟರ್. ತನ್ನ ಕೆಲಸ ತಾನು ಮಾಡಿ ವರದಿ ಕಳಿಸುತ್ತೆ.

ಆ ವರದಿಯನ್ನ ಓದಿ, “ಇದು ಕ್ಲಿಕ್ಕು, ಇದು ಸ್ಕ್ರೋಲು, ಇದು ಟೈಪ್ ಮಾಡುವಾಗ ಅಕಸ್ಮಾತ್ ತಗುಲಿದ ಅಂಗೈ” ಅಂತ ಅರ್ಥ ಮಾಡಿಕೊಳ್ಳೋದು ಡ್ರೈವರ್ ಎಂಬ ಸಾಫ್ಟ್‌ವೇರು. ಬಿಎಂಟಿಸಿ ಬಸ್ಸು ತೆವಳುತ್ತಿದ್ದರೆ ನಾವು ಮೊದಲು ಡ್ರೈವರ್ ಕಡೆ ನೋಡುತ್ತೀವಿ, ಆಮೇಲೆ ರಸ್ತೆ ಕಡೆ ನೋಡುತ್ತೀವಿ, ಕೊನೆಗೆ ಬಸ್ಸನ್ನ ಬೈಯುತ್ತೀವಿ. ಇಲ್ಲೂ ಅದೇ ಕ್ರಮ ಇರಬೇಕು.

ಹೌದು, ಇಲ್ಲೂ ರಸ್ತೆ ಇದೆ. ಪ್ಯಾಡಿನಿಂದ ಕಂಪ್ಯೂಟರಿಗೆ ವರದಿ ಹೋಗುವ ದಾರಿ. ಹಳೇ ದಾರಿಯ ಹೆಸರು ಪಿಎಸ್/2, ಐಬಿಎಂ 1987ರಲ್ಲಿ ತಂದ ಕಂಪ್ಯೂಟರುಗಳ ಹೆಸರೇ ಅದಕ್ಕೂ ಉಳಿದಿದೆ. ಸಿನಾಪ್ಟಿಕ್ಸ್ ಪ್ಯಾಡು ಆ ದಾರಿಯಲ್ಲಿ ಸೆಕೆಂಡಿಗೆ 40 ಅಥವಾ 80 ವರದಿ ಕಳಿಸುತ್ತಿತ್ತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ಐ2ಸಿ ಎಂಬ ಇನ್ನೂ ಚುರುಕಾದ ದಾರಿ. ತಮಾಷೆ ಏನಂದರೆ, ಕೆಲವು ಮಾಡೆಲ್ಲುಗಳಲ್ಲಿ ಪ್ಯಾಡಿಗೆ ಎರಡೂ ದಾರಿ ಗೊತ್ತು. ಸರಿಯಾದ ಡ್ರೈವರ್ ಇಲ್ಲದಿದ್ದರೆ ಸಿಸ್ಟಮ್ಮು ಅದನ್ನ ಹಳೇ ಕಾಲದ ಮಾಮೂಲಿ ಮೌಸು ಅಂದುಕೊಂಡು ಹಳೇ ದಾರಿಯಲ್ಲೇ ನಡೆಸುತ್ತೆ. ಆಗ ಎರಡು ಬೆರಳಿನ ಸ್ಕ್ರೋಲ್ ಇರೋದಿಲ್ಲ, ಅಂಗೈ ತಗುಲಿದ್ದಕ್ಕೂ ಕರ್ಸರ್ ಹಾರುತ್ತೆ. ಲಿನಕ್ಸ್‌ನಲ್ಲಂತೂ ಕೆಲವು ಸಿನಾಪ್ಟಿಕ್ಸ್ ಪ್ಯಾಡುಗಳಿದ್ದರೆ, ನಿಮ್ಮ ಟಚ್‌ಪ್ಯಾಡು ಬೇರೆ ದಾರಿಯಲ್ಲೂ ಬರಬಲ್ಲೆ ಅಂತಿದೆ, ಈ ಸೆಟ್ಟಿಂಗ್ ಹಾಕಿ ನೋಡಿ ಅಂತ ಕರ್ನಲ್ಲೇ ತನ್ನ ಲಾಗಿನಲ್ಲಿ ಬರೆದಿಡುತ್ತೆ. ಮೆಷಿನ್ ತಾನೇ ರೋಗ ಹೇಳಿ ಔಷಧಿಯ ಹೆಸರನ್ನೂ ಬರೆದುಕೊಡುತ್ತಿದೆ. ಓದುವವರು ಬೇಕಷ್ಟೆ.

ಹಾಗಾದರೆ ಪ್ಯಾಡ್ ಹೋಗಿದೆಯೋ ಡ್ರೈವರ್ ಹೋಗಿದೆಯೋ ಅಂತ ಗೊತ್ತಾಗೋದು ಹೇಗೆ? ತೀರ ಸುಲಭ. ಉಬುಂಟು ಥರದ ಯಾವುದಾದರೂ ಲಿನಕ್ಸನ್ನ ಪೆನ್‌ಡ್ರೈವಿಗೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೇ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ಪೆನ್‌ಡ್ರೈವ್ ತಯಾರು ಮಾಡುವಾಗ ಅದರಲ್ಲಿ ಇರೋದೆಲ್ಲ ಅಳಿಸಿಹೋಗುತ್ತೆ, ಮದುವೆ ಫೋಟೊ ಇರುವ ಪೆನ್‌ಡ್ರೈವ್ ಬೇಡ. ಅಲ್ಲಿ ಕರ್ಸರ್ ಬೆಣ್ಣೆ ಥರ ಓಡಿದರೆ ಪ್ಯಾಡು ಗಟ್ಟಿಮುಟ್ಟಾಗಿದೆ, ತಪ್ಪಿರೋದು ನಿಮ್ಮ ಸಿಸ್ಟಮ್ಮಿನ ಡ್ರೈವರಿನಲ್ಲಿ. ಅಲ್ಲೂ ತೊದಲಿದರೆ ಮಾತ್ರ ಹಾರ್ಡ್‌ವೇರ್ ಕಡೆ ಅನುಮಾನ ಪಡೋದು ನ್ಯಾಯ. ನನ್ನ ತಮ್ಮನ ಲ್ಯಾಪ್‌ಟಾಪಿನಲ್ಲಿ ಮಾಡಿದ ಮೊದಲ ಕೆಲಸವೇ ಇದು. ಪೆನ್‌ಡ್ರೈವಿನಿಂದ ಶುರುವಾದ ಮೂರನೇ ನಿಮಿಷಕ್ಕೆ ಅವನ ಮುಖದಲ್ಲಿ ರಕ್ತ ಬಂತು.

ಆಮೇಲಿನದು ವಿಂಡೋಸ್‌ನಲ್ಲಿ ಹೀಗೆ. ಮೊದಲು ಯುಎಸ್‌ಬಿ ಮೌಸ್ ಚುಚ್ಚಿಕೊಳ್ಳಿ, ಯಾಕಂದ್ರೆ ನಡುವೆ ಪ್ಯಾಡು ಪೂರ್ತಿ ನಿಂತರೂ ಗಾಬರಿ ಆಗಬಾರದು. ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಡಿವೈಸ್ ಮ್ಯಾನೇಜರ್ ತೆಗೆದು ಮೌಸುಗಳ ಪಟ್ಟಿಯಲ್ಲಿ, ಅಲ್ಲಿಲ್ಲದಿದ್ದರೆ ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಪಟ್ಟಿಯಲ್ಲಿ ಪ್ಯಾಡನ್ನ ಹುಡುಕಿ. ಅದರ ಪ್ರಾಪರ್ಟೀಸ್ ಒಳಗೆ ‘ರೋಲ್ ಬ್ಯಾಕ್ ಡ್ರೈವರ್’ ಅನ್ನೋ ಗುಂಡಿ ಇರುತ್ತೆ. ಅದು ಒತ್ತೋಕೆ ಬಂದರೆ ಹಳೇ ಡ್ರೈವರ್ ವಾಪಸ್ ಬರುತ್ತೆ, ಕಥೆ ಅಲ್ಲಿಗೆ ಮುಗೀತು. ಗುಂಡಿ ಮಂಕಾಗಿದ್ದರೆ ಲ್ಯಾಪ್‌ಟಾಪ್ ತಯಾರಿಸಿದವರ ಸೈಟಿಗೆ ಹೋಗಿ, ಮೆಷಿನ್ನಿನ ಅಡಿಯಲ್ಲಿರುವ ಸೀರಿಯಲ್ ನಂಬರ್ ಹಾಕಿ, ನಿಮ್ಮ ಮಾಡೆಲ್ಲಿನದೇ ಟಚ್‌ಪ್ಯಾಡ್ ಡ್ರೈವರ್ ಇಳಿಸಿಕೊಳ್ಳಿ. ಇಂಟೆಲ್ ಮೆಷಿನ್ ಆಗಿದ್ದರೆ ‘ಸೀರಿಯಲ್ ಐಒ’ ಅನ್ನುವ ಇನ್ನೊಂದು ಡ್ರೈವರನ್ನೂ ಮರೀಬೇಡಿ. ಹೇಳಿದೆನಲ್ಲ, ಅದೇ ರಸ್ತೆ. ಬಹಳ ಸಲ ಗಾಡಿ ಸರಿಯಿದ್ದು ರಸ್ತೆ ಕಿತ್ತುಹೋಗಿರುತ್ತೆ. ಪವರ್ ಉಳಿಸೋಕೆ ಈ ಡಿವೈಸನ್ನ ಆಫ್ ಮಾಡಬಹುದು ಅನ್ನೋ ಟಿಕ್ ಇದ್ದರೆ ತೆಗೆದುಹಾಕಿ. ಒಂದು ಕ್ಷಣ ಬೆರಳೆತ್ತಿ ಮತ್ತೆ ಮುಟ್ಟಿದಾಗ ಪ್ಯಾಡು ನಿದ್ದೆಯಿಂದ ಎದ್ದ ಹಾಗೆ ತಡ ಮಾಡುತ್ತಿದ್ದರೆ ಇದೇ ಕಾರಣ ಇರಬಹುದು. ರಿಸ್ಟಾರ್ಟ್ ಮಾಡಿ ನೋಡಿ. ಸರಿಹೋದ ಮೇಲೆ ಕೆಲವು ದಿನ ಅಪ್‌ಡೇಟ್ ನಿಲ್ಲಿಸಿಡಿ, ಇಲ್ಲದಿದ್ದರೆ ಅದೇ ಡ್ರೈವರ್ ಹಿಂಬಾಗಿಲಿನಿಂದ ಮತ್ತೆ ಬಂದು ಕೂರಬಹುದು.

ಮಾಡಬಾರದ್ದೂ ಒಂದಿದೆ. ‘ನಿಮ್ಮ ಎಲ್ಲ ಡ್ರೈವರುಗಳನ್ನ ಒಂದೇ ಕ್ಲಿಕ್ಕಿನಲ್ಲಿ ಅಪ್‌ಡೇಟ್ ಮಾಡ್ತೀವಿ’ ಅನ್ನುವ ಪುಕ್ಕಟೆ ಸಾಫ್ಟ್‌ವೇರುಗಳನ್ನ ಮುಟ್ಟಬೇಡಿ. ಡ್ರೈವರ್ ಅಂದರೆ ಸಿಸ್ಟಮ್ಮಿನ ಒಳಮನೆಗೆ ಬಿಟ್ಟುಕೊಳ್ಳುವ ಆಸಾಮಿ. ಬೀದಿಯಲ್ಲಿ ಸಿಕ್ಕವರಿಗೆ ಬೀಗದ ಕೈ ಕೊಡುವವರು ಯಾರೂ ಇಲ್ಲ.

ಇಷ್ಟು ಓದಿದ ಮೇಲೆ ಕೆಲವರ ಮನಸ್ಸಿನಲ್ಲಿ ಒಂದು ಮಾತು ಬಂದಿರುತ್ತೆ. ನನ್ನ ಗೆಳೆಯರು ಮುಖಕ್ಕೆ ಹೇಳಿದ್ದಾರೆ. “ಗುರೂ, ನನ್ನ ಒಂದು ಗಂಟೆಗೆ ಎಷ್ಟು ಬೆಲೆ ಗೊತ್ತಾ? ಇದೆಲ್ಲ ಮಾಡ್ತಾ ಕೂರೋ ಬದಲು ಹೊಸದು ತಗೊಂಡ್ರೆ ಲಾಭ.” ಲೆಕ್ಕ ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ ಹೊಸ ಲ್ಯಾಪ್‌ಟಾಪ್ ಹುಡುಕೋಕೆ ಕಳೆದ ಎರಡು ರಾತ್ರಿ ಇಲ್ಲ, ಹಳೇದರಿಂದ ಹೊಸದಕ್ಕೆ ಎಲ್ಲ ಸಾಗಿಸಿದ ಭಾನುವಾರ ಇಲ್ಲ. ಅರವತ್ತು ಸಾವಿರದ ಮೆಷಿನ್ನು ಹನ್ನೆರಡು ಕಂತು ಅಂದರೆ ತಿಂಗಳಿಗೆ ಐದು ಸಾವಿರ, ಬಡ್ಡಿ ಬೇರೆ. ಒಂದು ವರ್ಷ ಪ್ರತಿ ತಿಂಗಳು ಐದು ಸಾವಿರ ಸಂಬಳ ಕಮ್ಮಿ ಅಂತ ಮ್ಯಾನೇಜರ್ ಹೇಳಿದರೆ ಇದೇ ಗೆಳೆಯರು ಅವತ್ತೇ ಪೇಪರ್ ಹಾಕ್ತಾರೆ. ಇನ್ನೂ ಒಂದು ವಿಷಯ. ಹೊಸ ಲ್ಯಾಪ್‌ಟಾಪಿಗೂ ಡ್ರೈವರ್ ಇರುತ್ತೆ, ಅದಕ್ಕೂ ಅಪ್‌ಡೇಟ್ ಬರುತ್ತೆ. ಅದೂ ಒಂದು ಗುರುವಾರ ತೊದಲಿದರೆ ಏನು ಮಾಡ್ತೀರಿ?

“ಆಫೀಸಿನ ಲ್ಯಾಪ್‌ಟಾಪ್, ಮುಟ್ಟೋಕೆ ಪರ್ಮಿಷನ್ ಇಲ್ಲ” ಅನ್ನುವವರ ಮಾತು ನ್ಯಾಯವಾದದ್ದು. ಅಲ್ಲಿ ಕೈ ಹಾಕಬೇಡಿ. ಆದರೆ ಐಟಿ ಸಪೋರ್ಟಿಗೆ ಟಿಕೆಟ್ ಹಾಕುವಾಗ ‘ಟಚ್‌ಪ್ಯಾಡ್ ನಾಟ್ ವರ್ಕಿಂಗ್’ ಅಂತ ಮೂರು ಪದ ಬರೆದು ಬಿಡಬೇಡಿ. ಯಾವ ದಿನದಿಂದ, ಯಾವ ಅಪ್‌ಡೇಟ್ ಆದ ಮೇಲೆ, ಈಗಿರುವ ಡ್ರೈವರಿನ ಆವೃತ್ತಿ ಎಷ್ಟು ಅಂತ ಬರೆಯಿರಿ. ನಮಗೆ ಬರುವ ಬಗ್ ರಿಪೋರ್ಟಿನಲ್ಲಿ ಇಷ್ಟು ಇಲ್ಲದಿದ್ದರೆ ನಾವೇ ವಾಪಸ್ ಕಳಿಸ್ತೀವಲ್ಲ.

ಎಲ್ಲ ತೊಂದರೆಯೂ ಡ್ರೈವರಿನದೇ ಅಂತಲೂ ನಾನು ಹೇಳ್ತಿಲ್ಲ. ಪ್ಯಾಡು ಮೇಲಕ್ಕೆ ಉಬ್ಬಿದ್ದರೆ, ಕ್ಲಿಕ್ ಆಗದೇ ಬಿಗಿಯಾಗಿದ್ದರೆ, ಅದರ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಅದು ಆಟದ ವಿಷಯ ಅಲ್ಲ. ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ, ಆಫ್ ಮಾಡಿ ನೇರ ಸರ್ವಿಸಿಗೆ ಕೊಡಿ. ಚಾರ್ಜರ್ ಹಾಕಿದಾಗ ಮಾತ್ರ ಕರ್ಸರ್ ಕುಣಿದು, ತೆಗೆದ ಕೂಡಲೇ ಸರಿಹೋದರೆ ನಿಮ್ಮ ರೂಮಿನ ಪ್ಲಗ್ ಪಾಯಿಂಟ್ ಕಡೆ ನೋಡಿ. ನಮ್ಮ ಕಡೆಯ ಎಷ್ಟೋ ಬಾಡಿಗೆ ಮನೆ, ಪಿಜಿಗಳಲ್ಲಿ ಸಾಕೆಟ್ಟಿನ ಮೂರನೇ ತೂತು ಬರೀ ಅಲಂಕಾರಕ್ಕೆ, ಅದಕ್ಕೆ ಅರ್ಥಿಂಗೇ ಇರೋದಿಲ್ಲ. ಬೆರಳಿನ ಅಷ್ಟು ಸೂಕ್ಷ್ಮ ವಿದ್ಯುತ್ತನ್ನ ಅಳೆಯುವ ಪ್ಯಾಡಿಗೆ ಚಾರ್ಜರಿನ ಗಲಾಟೆ ಸೇರಿಕೊಂಡರೆ ಲೆಕ್ಕ ತಪ್ಪುತ್ತೆ. ಅದಕ್ಕೆ ಡ್ರೈವರ್ ಬದಲಾಯಿಸಿದರೂ ಪ್ಯಾಡ್ ಬದಲಾಯಿಸಿದರೂ ಪ್ರಯೋಜನ ಇಲ್ಲ, ಎಲೆಕ್ಟ್ರಿಷಿಯನ್ ಬರಬೇಕು. ನಾನು ಕೇಳ್ತಿರೋದು ಇಷ್ಟೆ: ಬದಲಾಯಿಸುವ ಮುಂಚೆ ಪರೀಕ್ಷೆ ಮಾಡಿ. ಪುಕ್ಕಟೆ ಪರೀಕ್ಷೆ ಮೊದಲು, ದುಡ್ಡಿನದು ಆಮೇಲೆ.

ಇಲ್ಲಿಯ ತನಕ ನಮ್ಮನ್ನ ನಾವೇ ಬೈದುಕೊಂಡಿದ್ದಾಯ್ತು. ಈಗ ಬೈಸಿಕೊಳ್ಳಬೇಕಾದ ದೊಡ್ಡವರ ಸರದಿ.

ನನ್ನ ತಮ್ಮನ ಲ್ಯಾಪ್‌ಟಾಪಿನ ಡ್ರೈವರ್ ಹುಡುಕುವಾಗ ನಲವತ್ತು ನಿಮಿಷದಲ್ಲಿ ಇಪ್ಪತ್ತು ಹೋಗಿದ್ದು ತಯಾರಕರ ಸೈಟಿನಲ್ಲಿ. ಹೊಸ ಮಾಡೆಲ್ಲುಗಳ ಜಾಹೀರಾತು ಮೊದಲ ಪುಟದಲ್ಲೇ ಇದೆ. ಐದು ವರ್ಷದ ಹಿಂದಿನ ಮಾಡೆಲ್ಲಿನ ಡ್ರೈವರ್ ಬೇಕಂದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಲೆಯಬೇಕು. ಕೊನೆಗೆ ಸಿಕ್ಕಿದ್ದು ಹಿಂದಿನ ಸಿಸ್ಟಮ್ಮಿಗೆ ಅಂತ ಮಾಡಿದ ಹಳೇ ಫೈಲು. ಪುಣ್ಯಕ್ಕೆ ಅದು ಹೊಸದರಲ್ಲೂ ಕೂತಿತು. ಕೂರದಿದ್ದರೆ? ಆ ಚಿಪ್ಪು, ಆ ಜಾಲರಿ, ಆ ಗಾಜು ಎಲ್ಲ ಸರಿಯಿದ್ದೂ ಕೆಲವೇ ಎಂಬಿಯ ಒಂದು ಫೈಲಿನ ಕೊರತೆಯಿಂದ ಮೆಷಿನ್ ಗುಜರಿಗೆ ಹೋಗುತ್ತಿತ್ತು. ಅದನ್ನ ನಾವು ‘ಹಳೇದಾಯ್ತು’ ಅಂತ ಕರೀತಿದ್ದೆವು.

ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿದ್ದೀರಾ? ಅಲ್ಲಿ ಗಂಗರ ಕಾಲದ ಒಂದು ಕಲ್ಲು ಶಾಸನ ಇದೆ. ಕ್ರಿ.ಶ. 900ರ ಆಸುಪಾಸಿನದು. ಬೆಂಗಳೂರಿನ ಕಾಳಗದ ಮಾತು ಅದರಲ್ಲಿ ಬರುತ್ತೆ. ಬೆಂಗಳೂರು ಅನ್ನೋ ಹೆಸರಿಗೆ ತುಂಬ ಹಳೆಯ ಪುರಾವೆ ಅಂತ ಎಲ್ಲರೂ ತೋರಿಸೋದು ಇದನ್ನೇ. ಬಿಸಿಲು ಮಳೆ ತಿಂದುಕೊಂಡು ಸಾವಿರದ ನೂರು ವರ್ಷ ನಿಂತ ಆ ಬರಹವನ್ನ ಈಗಲೂ ಓದಬಹುದು. ಓದಿದವರು ಅದನ್ನ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟದಲ್ಲಿ ಅಚ್ಚು ಹಾಕಿಸಿ ಎಲ್ಲರಿಗೂ ಸಿಗುವ ಹಾಗೆ ಮಾಡಿದ್ದಾರೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಪಿಜಿಯಲ್ಲಿ ಕೂತ ಹುಡುಗನಿಗೆ ಐದು ವರ್ಷದ ಹಿಂದಿನ ಫೈಲ್ ಸಿಗೋದಿಲ್ಲ. ಕಲ್ಲನ್ನ ಕಾಯೋದಕ್ಕಿಂತ ಫೈಲನ್ನ ಕಾಯೋದು ಕಷ್ಟ ಅಂತ ಯಾರಾದರೂ ಹೇಳಿದರೆ ನಾನು ನಂಬಲ್ಲ. ಕಾಯುವ ಮನಸ್ಸಿಲ್ಲ ಅಷ್ಟೆ, ಕಾದರೆ ಹೊಸ ಮೆಷಿನ್ ಹೋಗೋದು ಹೇಗೆ?

ಮನಸ್ಸಿದ್ದರೆ ಆಗುತ್ತೆ ಅನ್ನೋದಕ್ಕೆ ಎರಡು ಉದಾಹರಣೆ ನಮ್ಮ ಕಣ್ಣ ಮುಂದೇ ಇವೆ. ಒಂದು, 2013ರಲ್ಲಿ ವಿಂಡೋಸ್ 8.1 ಜೊತೆ ಬಂದ ಪ್ರಿಸಿಷನ್ ಟಚ್‌ಪ್ಯಾಡ್ ಪದ್ಧತಿ. ಪ್ಯಾಡು ಯಾರೇ ಮಾಡಲಿ, ವರದಿಯನ್ನ ಒಂದೇ ಗೊತ್ತಾದ ರೂಪದಲ್ಲಿ ಕಳಿಸಬೇಕು, ಬೆರಳಿನ ಸನ್ನೆಗಳನ್ನ ವಿಂಡೋಸ್ ತಾನೇ ಅರ್ಥ ಮಾಡಿಕೊಳ್ಳುತ್ತೆ. ಒಬ್ಬೊಬ್ಬ ತಯಾರಕನ ಒಂದೊಂದು ಡ್ರೈವರಿನ ಹಿಂದೆ ಓಡುವ ಕಷ್ಟ ಇದರಲ್ಲಿ ಬಹಳ ಕಮ್ಮಿ. ಇನ್ನೊಂದು, ಲಿನಕ್ಸಿನ ಲಿಬ್‌ಇನ್‌ಪುಟ್. ಪೀಟರ್ ಹಟ್ಟರರ್ ಎಂಬ ಎಂಜಿನಿಯರ್ ವರ್ಷಗಳಿಂದ ನೋಡಿಕೊಳ್ಳುತ್ತಿರುವ ಈ ಸಾಫ್ಟ್‌ವೇರಿನಲ್ಲಿ, ಯಾವ ಮಾಡೆಲ್ಲಿನ ಪ್ಯಾಡಿಗೆ ಏನು ವಿಚಿತ್ರ ಗುಣ ಇದೆ ಅಂತ ಬರೆದಿಟ್ಟ ಫೈಲುಗಳಿವೆ. ಸಾಮಾನ್ಯ ಬಳಕೆದಾರರು ತಮ್ಮ ಮೆಷಿನ್ನಿನ ವಿವರ ಕಳಿಸಿ ಕಳಿಸಿ ಬೆಳೆದ ಪಟ್ಟಿ ಅದು. ತಯಾರಕ ಮರೆತ ಮಾಡೆಲ್ಲನ್ನ ಬಳಸುವವರು ನೆನಪಿಟ್ಟುಕೊಂಡಿದ್ದಾರೆ.

ನಮ್ಮ ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು ಒಂದು ಪೋರ್ಟಲ್ಲೂ ಶುರುವಾಯಿತು. ಕೃಷಿ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ವಿಭಾಗ. ಒಳ್ಳೇ ಕೆಲಸ. ಆದರೆ ದುರಸ್ತಿ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರೋದು ಸ್ಕ್ರೂ ಡ್ರೈವರ್, ಬಿಡಿಭಾಗ, ಸರ್ವಿಸ್ ಸೆಂಟರ್. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಸ್ಮಾರ್ಟ್‌ಫೋನು, ಟ್ಯಾಬ್ಲೆಟ್ಟುಗಳಿಗೆ ಜಾರಿಯಾದ ನಿಯಮದಲ್ಲಿ ಒಂದು ಮಾಡೆಲ್ಲಿನ ಮಾರಾಟ ನಿಂತ ಮೇಲೂ 7 ವರ್ಷ ಅದರ ಮುಖ್ಯ ಬಿಡಿಭಾಗಗಳು ಸಿಗಬೇಕು ಅಂತಿದೆ. ನಮ್ಮಲ್ಲಿ ಲ್ಯಾಪ್‌ಟಾಪಿಗೂ ಹಾಗೊಂದು ನಿಯಮ ಬೇಕು, ಮತ್ತು ಅದರಲ್ಲಿ ಒಂದು ಸಾಲು ಸೇರಬೇಕು: ಡ್ರೈವರ್ ಕೂಡ ಬಿಡಿಭಾಗವೇ. ಅದಿಲ್ಲದೇ ಪ್ಯಾಡು ಕೆಲಸ ಮಾಡಲ್ಲ ಅಂದಮೇಲೆ, ಅದನ್ನ ಬಿಡಿಭಾಗ ಅನ್ನದೇ ಇನ್ನೇನು ಅನ್ನೋದು? ಸ್ಕ್ರೂ, ಪಟ್ಟಿ, ಕೇಬಲ್ಲು ತಯಾರಿಸೋಕೆ, ಗೋಡೌನಿನಲ್ಲಿ ಇಡೋಕೆ ದುಡ್ಡು ಬೇಕು ಅಂತ ಕಂಪನಿಗಳು ವಾದ ಮಾಡಬಹುದು. ಒಂದು ಫೈಲನ್ನ ಸರ್ವರಿನಲ್ಲಿ ಹತ್ತು ವರ್ಷ ಇಡೋದಕ್ಕೆ ಯಾವ ಗೋಡೌನು ಬೇಕು?

ಇದು ಪುಟ್ಟ ವಿಷಯ, ಇದಕ್ಕೆ ಇಷ್ಟು ಗಲಾಟೆಯಾ ಅನ್ನಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹಳೇ ಪ್ರೊಸೆಸರಿನ ಎಷ್ಟೋ ಗಟ್ಟಿ ಮೆಷಿನ್ನುಗಳಿಗೆ ವಿಂಡೋಸ್ 11ರ ಬಾಗಿಲು ಅಧಿಕೃತವಾಗಿ ಮುಚ್ಚಿದೆ. ಅವು ಈಗ ಸಣ್ಣ ನೆಪಕ್ಕಾಗಿ ಕಾಯುತ್ತಿವೆ, ಮನೆಯಿಂದ ಹೊರಗೆ ಬೀಳೋಕೆ. ತೊದಲುವ ಟಚ್‌ಪ್ಯಾಡಿಗಿಂತ ಸುಲಭದ ನೆಪ ಇನ್ನೊಂದಿಲ್ಲ, ಯಾಕಂದ್ರೆ ಅದು ಪ್ರತಿ ನಿಮಿಷ ಬೆರಳಿಗೆ ಗೊತ್ತಾಗುತ್ತೆ, ಪ್ರತಿ ನಿಮಿಷ ಸಿಟ್ಟು ಬರಿಸುತ್ತೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ತಯಾರಕರು ತ್ಯಾಜ್ಯದ ಮರುಬಳಕೆಗೆ ಹೊಣೆ ಹೊರಬೇಕು ಅಂತಿದೆ. ಬಿಸಾಡಿದ ಮೇಲಿನ ಹೊಣೆ ಅದು. ಬಿಸಾಡದೇ ಇರುವ ಹಾಗೆ ನೋಡಿಕೊಳ್ಳುವ ಹೊಣೆ ಯಾರದ್ದು? ಆ ಜಾಗದಲ್ಲಿ ಸದ್ಯಕ್ಕೆ ನಾವೇ ಇದ್ದೀವಿ.

ಅದಕ್ಕೇ ಈ ಭಾನುವಾರ ಮೂರು ಸಣ್ಣ ಕೆಲಸ ಮಾಡಿ. ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದರ ಡ್ರೈವರುಗಳ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ವಿಂಡೋಸ್ ಒಳಗೇ ಪಿಎನ್‌ಪಿಯುಟಿಲ್ ಅನ್ನುವ ಸಾಧನ ಇದೆ, ಅದರ ಎಕ್ಸ್‌ಪೋರ್ಟ್ ಡ್ರೈವರ್ ಕಮಾಂಡ್ ಕೊಟ್ಟರೆ ನೀವು ಹೊರಗಿನಿಂದ ಹಾಕಿಕೊಂಡ ಡ್ರೈವರುಗಳೆಲ್ಲ ಒಂದು ಫೋಲ್ಡರಿಗೆ ಬಂದು ಕೂರುತ್ತವೆ. ಅದನ್ನ ಪೆನ್‌ಡ್ರೈವಿಗೆ ಹಾಕಿಡಿ. ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ ರ್‍ಯಾಮ್ ಎಷ್ಟು ಅಂತ ಕೇಳಿದ ಹಾಗೇ ಪ್ರಿಸಿಷನ್ ಟಚ್‌ಪ್ಯಾಡ್ ಹೌದಾ, ಈ ಕಂಪನಿ ಐದು ವರ್ಷದ ಹಿಂದಿನ ಮಾಡೆಲ್ಲಿಗೆ ಈಗಲೂ ಡ್ರೈವರ್ ಕೊಡ್ತಿದೆಯಾ ಅಂತ ಸೈಟಿಗೆ ಹೋಗಿ ನೋಡಿ. ಕೊಡದಿದ್ದರೆ ಕೊಳ್ಳಬೇಡಿ, ಯಾಕೆ ಕೊಳ್ಳಲಿಲ್ಲ ಅಂತ ಅವರಿಗೆ ಬರೆಯಿರಿ. ಮೂರನೇದು, ಅಪಾರ್ಟ್‌ಮೆಂಟಿನಲ್ಲೋ ಪಿಜಿಯಲ್ಲೋ ಯಾರಾದರೂ “ಲ್ಯಾಪ್‌ಟಾಪ್ ಹೋಯ್ತು” ಅಂದರೆ, ಅಂಗಡಿಯ ವಿಳಾಸ ಹೇಳುವ ಮುಂಚೆ “ಯಾವಾಗಿಂದ?” ಅಂತ ಕೇಳಿ. ನಮ್ಮ ಮನೆಯಲ್ಲಿ ನಾಲ್ಕೂವರೆ ಸಾವಿರ ಉಳಿಸಿದ್ದು ಆ ಒಂದು ಪ್ರಶ್ನೆ.

ಟೆಸ್ಟು ಮುಗಿಸಿಕೊಂಡು ಬಂದ ನನ್ನ ತಮ್ಮ ಎರಡು ದಿನ ಬಿಟ್ಟು ಆ ಮೊದಲನೇ ಅಂಗಡಿಗೆ ಹೋಗಿದ್ದನಂತೆ, ಹಳೇ ಸಿಟ್ಟು ತೀರಿಸಿಕೊಳ್ಳೋಕೆ. ಲ್ಯಾಪ್‌ಟಾಪ್ ತೆಗೆದು, “ನೋಡಿ ಸಾರ್, ಪ್ಯಾಡ್ ಏನೂ ಹೋಗಿಲ್ಲ” ಅಂತ ಓಡಿಸಿ ತೋರಿಸಿದ. ಅಂಗಡಿಯವರು ಒಂದು ನಿಮಿಷ ಬೆರಳಾಡಿಸಿ ನೋಡಿ, “ಹೌದಲ್ರೀ... ನಮಗೂ ಯಾರು ಹೇಳಿಕೊಡ್ತಾರೆ? ಪಾರ್ಟ್ ಬರುತ್ತೆ, ಹಾಕ್ತೀವಿ” ಅಂದರಂತೆ. ಆಮೇಲೆ ಬಿಲ್ ಪುಸ್ತಕದ ಹಿಂದಿನ ಹಾಳೆ ತಿರುಗಿಸಿ ಪೆನ್ನು ಮುಂದೆ ಚಾಚಿದರು. “ಏನೇನು ಮಾಡಿದ್ರಿ, ಒಂದೊಂದಾಗಿ ಇಲ್ಲಿ ಬರೆದುಕೊಡಿ.”

ಅವನು ಬರೆದುಕೊಟ್ಟು ಬಂದ. ಮೊದಲನೇ ಸಾಲು: ‘ಯಾವಾಗಿಂದ ಅಂತ ಕೇಳಿ.’